ಬಲಿಯುವುದು, ಮಾಗುವುದು

2012ರ ಮಳೆಗಾಲದಲ್ಲಿ, ನನಗೆ 32 ವರ್ಷವಾಗಿದ್ದಾಗ, ಸ್ಕ್ಯಾನಿಂಗ್ ಕೋಣೆಯೊಂದರ ಅರೆಗತ್ತಲಿನಲ್ಲಿ ಮಲಗಿ ನನ್ನದೇ ಅಂಡಾಶಯವನ್ನು ಮೊದಲ ಬಾರಿ ತೆರೆಯ ಮೇಲೆ ಕಂಡೆ. ಮಕ್ಕಳಾಗಲಿಲ್ಲವೆಂದು ಚಿಕಿತ್ಸೆಗೆ ಹೋದವರಿಗೆಲ್ಲ ಗೊತ್ತಿರುವ ‘ಫಾಲಿಕ್ಯುಲರ್ ಸ್ಟಡಿ’ ಅದು. ಮುಟ್ಟಾದ 9ನೆಯ ದಿನ, 11ನೆಯ ದಿನ, 13ನೆಯ ದಿನ ಎಂದು ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಬೇಕು. ತೆರೆಯ ಮೇಲೆ ನೀರು ತುಂಬಿದ ಕರಿಯ ವೃತ್ತವೊಂದು ಕಾಣುತ್ತದೆ. ಅದರ ಅಡ್ಡಳತೆಯನ್ನು ತೆಗೆದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಅಂದು ನನ್ನ ಚೀಟಿಯಲ್ಲಿ ಬಲಗಡೆಯ ಅಂಡಾಶಯದ ಮುಂದೆ 17 ಮಿಲಿಮೀಟರ್ ಎಂದಿತ್ತು. ಮನೆಗೆ ಬಂದೊಡನೆ ಅತ್ತೆಯವರು, ‘ಎಷ್ಟಾಗಿದೆಯಂತಮ್ಮಾ?’ ಎಂದು ಕೇಳಿದರು. ಹದಿನೇಳು ಎಂದೆ. ‘ಹಾಗಾದರೆ ಇನ್ನೆರಡು ದಿನಕ್ಕೆ ಮೊಟ್ಟೆ ಹಣ್ಣಾಗುತ್ತದೆ ಬಿಡು’ ಎಂದು ಅವರು ನೆಮ್ಮದಿಯ ಉಸಿರು ಬಿಟ್ಟರು.

ಅವರ ಮಾತಿನಲ್ಲಿ ಅಕ್ಕರೆಯಿತ್ತು, ಆದರೆ ಹದಿನೇಳು ಮೊಟ್ಟೆಯ ಅಳತೆಯಲ್ಲ. ಅದು ಮೊಟ್ಟೆಯನ್ನು ಒಡಲಲ್ಲಿಟ್ಟುಕೊಂಡ ನೀರಿನ ಚೀಲದ, ಅಂದರೆ ಫಾಲಿಕಲ್‌ನ ಅಳತೆ. ಆ ಚೀಲದ ಒಳಗೋಡೆಗೆ ಅಂಟಿಕೊಂಡಿರುವ ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.12 ಮಿಲಿಮೀಟರ್, ಯಾವ ಸ್ಕ್ಯಾನಿಂಗ್ ಯಂತ್ರಕ್ಕೂ ಅದು ಕಾಣುವುದಿಲ್ಲ. ಅತ್ತೆಯವರದು ಹೊಸ ತಪ್ಪೇನೂ ಅಲ್ಲ. 1672ರಲ್ಲಿ ಡೆಲ್ಫ್ಟ್ ನಗರದ ವೈದ್ಯ ರೆನ್ಯೆ ಡೆ ಗ್ರಾಫ್ ಈ ಚೀಲಗಳನ್ನು ವಿವರವಾಗಿ ವರ್ಣಿಸಿದಾಗ ಅವನ್ನೇ ಮೊಟ್ಟೆಗಳೆಂದು ಕರೆದ. 1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ ಹೆಣ್ಣುನಾಯಿಯೊಂದರ ಅಂಡಾಶಯದ ಚೀಲವನ್ನು ಬಿಡಿಸಿ, ಒಳಗಿದ್ದ ಚಿಕ್ಕ ಹಳದಿ ಚುಕ್ಕೆಯನ್ನು ಸೂಕ್ಷ್ಮದರ್ಶಕದಡಿ ನೋಡುವವರೆಗೆ, ಒಂದೂವರೆ ಶತಮಾನ ಕಾಲ, ಸಸ್ತನಿಗಳ ನಿಜವಾದ ಅಂಡಾಣುವನ್ನು ಯಾರೂ ಕಂಡಿರಲಿಲ್ಲ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗುವ ಹೊತ್ತಿಗೆ ಎಂಟು ವರ್ಷಗಳಿಂದ ಕರಿಹಲಗೆಯ ಮೇಲೆ ಅಂಡಾಶಯದ ಚಿತ್ರ ಬರೆಯುತ್ತಿದ್ದೆ. ಬಾದಾಮಿಯ ಆಕಾರದ ಒಂದು ಗೆರೆ. ಅದರ ಅಂಚಿನುದ್ದಕ್ಕೂ ಒಂದರ ಪಕ್ಕ ಒಂದು ಫಾಲಿಕಲ್, ಮೊದಲು ಚಿಕ್ಕದು, ಆಮೇಲೆ ದೊಡ್ಡದು, ಆಮೇಲೆ ಒಡೆಯುತ್ತಿರುವುದು, ಕೊನೆಗೆ, ಒಡೆದ ಚೀಲ ಮಾರ್ಪಟ್ಟು ಆಗುವ ಹಳದಿಯ ಕಾರ್ಪಸ್ ಲೂಟಿಯಂ. ಈ ಚಿತ್ರವನ್ನು ನೋಡಿದ ಮಕ್ಕಳಿಗೆ ಫಾಲಿಕಲ್ ಅಂಡಾಶಯವನ್ನು ಸುತ್ತು ಹಾಕುತ್ತ ಬೆಳೆಯುತ್ತದೆಂದೂ, ಆ ಸುತ್ತಿಗೆ 28 ದಿನ ಹಿಡಿಯುತ್ತದೆಂದೂ ಅನ್ನಿಸುವುದು ಸಹಜ. ಎರಡೂ ಸರಿಯಲ್ಲ. ಪ್ರತಿ ಫಾಲಿಕಲ್ ತಾನು ಇರುವಲ್ಲೇ ಬೆಳೆಯುತ್ತದೆ, ಹೆಚ್ಚಿನವು ಇರುವಲ್ಲೇ ಕರಗುತ್ತವೆ. 28 ದಿನಗಳೆಂಬುದು ಮುಟ್ಟಿನ ಲೆಕ್ಕವೇ ಹೊರತು ಅಂಡಾಣುವಿನ ಲೆಕ್ಕವಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆನಾದರೂ, ನನ್ನ ಬಲಗಡೆಯ ಆ ಕರಿಯ ವೃತ್ತ ಎಂದು ಹೊರಟಿತ್ತು, ಎಲ್ಲಿಂದ ಹೊರಟಿತ್ತು ಎಂಬ ಪ್ರಶ್ನೆ ನನ್ನದಾದದ್ದು ಆ ಕೋಣೆಯಲ್ಲಿ.

ಅತ್ತೆಯವರು ಹೇಳಿದ ‘ಹಣ್ಣಾಗುವುದು’ ಎಂಬ ಪದ ಮಾತ್ರ ನನ್ನೊಳಗೆ ಉಳಿಯಿತು. ನನ್ನ ತವರು ಶ್ರೀನಿವಾಸಪುರದ ಕಡೆಯದು, ಮಾವಿನ ಸೀಮೆ. ಅಲ್ಲಿ ನಮ್ಮಜ್ಜಿ ಮಾವಿನಕಾಯಿಯನ್ನು ಅಡೆ ಹಾಕುವಾಗ ಒಂದೊಂದನ್ನೂ ಅಂಗೈಯಲ್ಲಿ ತಿರುಗಿಸಿ, ತೊಟ್ಟಿನ ಬುಡದ ಭುಜ ತುಂಬಿದೆಯೇ ಎಂದು ನೋಡಿಯೇ ಹುಲ್ಲಿನೊಳಗೆ ಇಡುತ್ತಿದ್ದರು. ‘ಬಲಿತಿದ್ದರೆ ಮಾಗುತ್ತದೆ, ಬಲಿಯದ್ದು ಸುಕ್ಕುತ್ತದೆ’ ಎನ್ನುತ್ತಿದ್ದರು. ಬಲಿಯುವುದು ಬೇರೆ, ಮಾಗುವುದು ಬೇರೆ. ಮೊದಲನೆಯದು ಮರದ ಮೇಲೆ ತಿಂಗಳುಗಟ್ಟಲೆ ನಡೆಯುವಂಥದ್ದು. ಎರಡನೆಯದು ಹುಲ್ಲಿನ ಬಿಸಿಯಲ್ಲಿ ಕೆಲವೇ ದಿನಗಳಲ್ಲಿ ಮುಗಿಯುವಂಥದ್ದು. ಅಂಡಾಣುವಿನ ಬಗ್ಗೆ ನಾನು ಆಮೇಲೆ ಓದಿದ್ದನ್ನೆಲ್ಲ ಈ ಎರಡು ಕ್ರಿಯಾಪದಗಳಲ್ಲಿ ಇಟ್ಟು ನೋಡಿದಾಗಲೇ ನನಗೆ ಸ್ಪಷ್ಟವಾದದ್ದು. ಆದರೆ ಮಾವಿಗಿಲ್ಲದ ಇನ್ನೊಂದು ಅವಸ್ಥೆ ಅಂಡಾಣುವಿಗಿದೆ. ಅದು ಬಲಿಯುವುದಕ್ಕೂ ಮೊದಲಿನ ಕಾಯುವಿಕೆ, ಮತ್ತು ಕಾಲದ ಲೆಕ್ಕದಲ್ಲಿ ಅದರ ಪಾಲೇ ದೊಡ್ಡದು.

ಹೆಣ್ಣು ಭ್ರೂಣಕ್ಕೆ ಮೂರು ವಾರವಾಗಿರುವಾಗಲೇ, ಅದಕ್ಕೆ ಅಂಡಾಶಯವೆಂಬುದೇ ಇನ್ನೂ ಇಲ್ಲದಿರುವಾಗ, ಮುಂದೆ ಅಂಡಾಣುಗಳಾಗಬೇಕಾದ ಕೆಲವೇ ಮೂಲಕೋಶಗಳು ಭ್ರೂಣದ ಹೊರಗೆ, ಹಳದಿಚೀಲದ ಗೋಡೆಯ ಬಳಿ ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಅವು ನಿಧಾನವಾಗಿ ತೆವಳುತ್ತ ಭ್ರೂಣದೊಳಕ್ಕೆ ಬಂದು, ಐದಾರು ವಾರಗಳ ಹೊತ್ತಿಗೆ ಅಂಡಾಶಯವಾಗಲಿರುವ ಜಾಗವನ್ನು ಸೇರುತ್ತವೆ. ಅಲ್ಲಿ ಅವು ಇಬ್ಭಾಗವಾಗುತ್ತ ಇಬ್ಭಾಗವಾಗುತ್ತ ಹೆಚ್ಚುತ್ತವೆ. ಟಿ. ಜಿ. ಬೇಕರ್ 1963ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಐದನೆಯ ತಿಂಗಳಲ್ಲಿ ಅವುಗಳ ಸಂಖ್ಯೆ 60ರಿಂದ 70 ಲಕ್ಷಕ್ಕೆ ಏರುತ್ತದೆ. ಅದೇ ಶಿಖರ. ಅಲ್ಲಿಂದಾಚೆಗೆ ಇಳಿಕೆ ಮಾತ್ರ: ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ, ಮುಟ್ಟು ನಿಲ್ಲುವಾಗ ಸಾವಿರದ ಆಸುಪಾಸು. ಜೀವಮಾನದಲ್ಲಿ ಅಂಡಾಶಯದಿಂದ ಹೊರಬೀಳುವ ಅಂಡಾಣುಗಳು ಹೆಚ್ಚೆಂದರೆ ನಾನೂರು ಐನೂರು. ಹೂ ಬಿಟ್ಟ ಮಾವಿನ ಮರದಡಿ ಉದುರಿದ ಹೂವು, ಹೀಚುಗಳ ರಾಶಿಯನ್ನು ಕಂಡವರಿಗೆ ಈ ಲೆಕ್ಕ ವಿಚಿತ್ರವೆನಿಸದು. ಆದರೆ ಮರ ಮರುವರ್ಷ ಮತ್ತೆ ಹೂ ಬಿಡುತ್ತದೆ, ಅಂಡಾಶಯ ಬಿಡುವುದಿಲ್ಲ. ಹುಟ್ಟಿದ ಮೇಲೆ ಹೊಸ ಅಂಡಾಣುಗಳು ಉಂಟಾಗುವುದಿಲ್ಲವೆಂದು ಸಾಲಿ ಜುಕರ್‌ಮನ್ 1951ರಲ್ಲಿ ಪುರಾವೆಗಳನ್ನು ಒಟ್ಟುಗೂಡಿಸಿ ವಾದಿಸಿದರು. 2004ರಲ್ಲಿ ಇಲಿಗಳ ಮೇಲಿನ ಅಧ್ಯಯನವೊಂದು ಅದನ್ನು ಪ್ರಶ್ನಿಸಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತಾದರೂ, ಮನುಷ್ಯರ ಮಟ್ಟಿಗೆ ಬಹುಪಾಲು ವಿಜ್ಞಾನಿಗಳು ಇಂದಿಗೂ ಹಳೆಯ ತೀರ್ಮಾನವನ್ನೇ ಒಪ್ಪುತ್ತಾರೆ.

ನಮ್ಮಮ್ಮ ಹುಟ್ಟಿದ್ದು 1956ರ ಏಪ್ರಿಲ್‌ನಲ್ಲಿ. ಎಂದರೆ, ಮುಂದೆ ನಾನಾಗಲಿದ್ದ ಕಣ ರೂಪುಗೊಂಡದ್ದು 1955ರ ರಾಗಿ ಕಟಾವಿನ ದಿನಗಳಲ್ಲಿ, ಬಸುರಿಯಾಗಿಯೂ ಹೊಲಕ್ಕೆ ಹೋಗುತ್ತಿದ್ದ ಅಜ್ಜಿಯ ಹೊಟ್ಟೆಯೊಳಗಿನ ಅಮ್ಮನ ಹೊಟ್ಟೆಯಲ್ಲಿ. ಅಲ್ಲಿಂದ 24 ವರ್ಷ ಅದು ಸುಮ್ಮನೆ ಇತ್ತು.

‘ಸುಮ್ಮನೆ’ ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಅಂಡಾಣು ನಿಂತಿರುವುದು ಕೆಲಸದ ಮಧ್ಯದಲ್ಲಿ. ಭ್ರೂಣಕ್ಕೆ ಮೂರನೆಯ ತಿಂಗಳಾಗುವ ಸುಮಾರಿಗೆ ಅದು ಮಿಯಾಸಿಸ್ ಎಂಬ ವಿಶೇಷ ವಿಭಜನೆಯನ್ನು ಆರಂಭಿಸುತ್ತದೆ. ತಾಯಿಯಿಂದ ಬಂದ ವರ್ಣತಂತುಗಳೂ ತಂದೆಯಿಂದ ಬಂದ ವರ್ಣತಂತುಗಳೂ ಜೋಡಿ ಜೋಡಿಯಾಗಿ ಹತ್ತಿರ ಬಂದು, ತುಂಡುಗಳನ್ನು ವಿನಿಮಯ ಮಾಡಿಕೊಂಡು, ಇನ್ನೇನು ಬೇರೆಯಾಗಬೇಕು ಎನ್ನುವಲ್ಲಿ ವಿಭಜನೆ ನಿಂತುಬಿಡುತ್ತದೆ. ಆ ನಿಲುಗಡೆ ಕೆಲವು ಅಂಡಾಣುಗಳಲ್ಲಿ 12 ವರ್ಷ, ಕೆಲವುಗಳಲ್ಲಿ 45 ವರ್ಷ. ಅಷ್ಟು ಕಾಲವೂ ಜೋಡಿಗಳು ಬಿಟ್ಟುಹೋಗದಂತೆ ಹಿಡಿದಿರುವುದು ಕೊಹೆಸಿನ್ ಎಂಬ ಪ್ರೋಟೀನಿನ ಬಳೆಗಳು. ಇಲಿಗಳಲ್ಲಿ ನಡೆದ ಪ್ರಯೋಗಗಳು ತೋರಿಸಿರುವಂತೆ ಈ ಬಳೆಗಳನ್ನು ತೊಡಿಸುವುದು ಹುಟ್ಟುವುದಕ್ಕೆ ಮುಂಚೆ. ಆಮೇಲೆ ಸವೆದ ಬಳೆಯ ಜಾಗಕ್ಕೆ ಹೊಸದನ್ನು ತೊಡಿಸುವ ಏರ್ಪಾಡು ಇಲ್ಲ. ವಯಸ್ಸು ಕಳೆದಂತೆ ಬಳೆಗಳು ಕಡಿಮೆಯಾಗುತ್ತವೆ, ಜೋಡಿಗಳು ಸಡಿಲವಾಗುತ್ತವೆ, ಕೊನೆಗೆ ವಿಭಜನೆ ಮುಂದುವರಿಯುವ ದಿನ ಒಂದು ವರ್ಣತಂತು ಹೋಗಬೇಕಾದ ಕಡೆಗೆ ಹೋಗದೆ ಉಳಿಯುವ ಸಂಭವ ಹೆಚ್ಚುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜನನಕ್ಕೂ ತಾಯಿಯ ವಯಸ್ಸಿಗೂ ಸಂಬಂಧವಿದೆ, ತಂದೆಯ ವಯಸ್ಸಿಗೆ ಅಲ್ಲ ಎಂದು ಲಯೊನೆಲ್ ಪೆನ್ರೋಸ್ 1933ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 25ರ ಆಸುಪಾಸಿನ ತಾಯಂದಿರಲ್ಲಿ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರುವ ಈ ಸಂಭವ 40ರಲ್ಲಿ ನೂರಕ್ಕೆ ಒಂದರ ಹತ್ತಿರ ಬರುತ್ತದೆ. ಕಾರಣ ತಾಯಿಯ ತಪ್ಪಲ್ಲ, ಬಳೆಗಳ ವಯಸ್ಸು.

ಇಷ್ಟು ದೀರ್ಘಕಾಲ ಒಂದು ಜೀವಕೋಶ ಕೆಡದೆ ಉಳಿಯುವುದಾದರೂ ಹೇಗೆ ಎಂಬುದಕ್ಕೆ 2022ರಲ್ಲಿ ಬಾರ್ಸಿಲೋನಾದ ಸಂಶೋಧಕರು ನೀಡಿದ ಉತ್ತರ ನನ್ನನ್ನು ಬಹಳ ದಿನ ಕಾಡಿತು. ನಮ್ಮ ಜೀವಕೋಶಗಳು ಉಸಿರಾಟದಿಂದ ಶಕ್ತಿ ಪಡೆಯುವಾಗ ಹೊಗೆಯಂತೆ ಕೆಲವು ಹಾನಿಕಾರಕ ಆಮ್ಲಜನಕ ಕಣಗಳೂ ಹುಟ್ಟುತ್ತವೆ. ಆ ಹೊಗೆ ಹೆಚ್ಚಾಗಿ ಏಳುವುದು ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯಾದ ‘ಕಾಂಪ್ಲೆಕ್ಸ್ 1’ ಎಂಬ ಭಾಗದಲ್ಲಿ. ಕಾಯುತ್ತಿರುವ ಎಳೆಯ ಅಂಡಾಣುಗಳು ಆ ಭಾಗವನ್ನೇ ಕಟ್ಟಿಕೊಳ್ಳದೆ ಬದುಕುತ್ತವೆಂದು ಅವರು ಕಂಡುಕೊಂಡರು. ಮನೆಯವರು ಬರುವವರೆಗೆ ಒಲೆ ಹೊತ್ತಿಸದೆ, ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದ ಹಳೆಯ ಅಡುಗೆಮನೆಗಳು ನನಗೆ ನೆನಪಾದವು.

ಕಾಯುತ್ತಿರುವ ಅಂಡಾಣುವಿನ ಸುತ್ತ ಚಪ್ಪಟೆ ಕೋಶಗಳ ಒಂದೇ ಒಂದು ಪದರವಿರುತ್ತದೆ. ಒಂದು ದಿನ ಆ ಕೋಶಗಳು ಚಪ್ಪಟೆ ಆಕಾರ ಬಿಟ್ಟು ಉಬ್ಬಿ ನಿಲ್ಲುತ್ತವೆ. ಇದೇ ಬಲಿಯುವಿಕೆಯ ಮೊದಲ ದಿನ. ಇದಕ್ಕೆ ಮುಟ್ಟಿನ ಕರೆ ಬೇಕಿಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಬೇಕಿಲ್ಲ. ಮೈನೆರೆಯದ ಹುಡುಗಿಯಲ್ಲಿ, ಬಸುರಿಯಲ್ಲಿ, ಬಾಣಂತಿಯಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವವರಲ್ಲಿ ಕೂಡ ದಿನವೂ ಕೆಲವು ಫಾಲಿಕಲ್‌ಗಳು ಹೀಗೆ ಎದ್ದು ಹೊರಡುತ್ತಲೇ ಇರುತ್ತವೆ. ಮಾತ್ರೆ ನುಂಗಿದರೆ ಅಂಡಾಣುಗಳು ಉಳಿತಾಯವಾಗುತ್ತವೆಂಬ ನಂಬಿಕೆಗೂ, ಚಿಕಿತ್ಸೆಯಲ್ಲಿ ಒಂದೇ ತಿಂಗಳು ಹತ್ತು ಅಂಡಾಣು ತೆಗೆದರೆ ಬೇಗ ಮುಗಿದುಹೋಗುತ್ತವೆಂಬ ಭಯಕ್ಕೂ ಇದೇ ಕಾರಣಕ್ಕಾಗಿ ಆಧಾರವಿಲ್ಲ. ಆ ಹತ್ತು, ಹೇಗೂ ಆ ತಿಂಗಳು ಕರಗಿಹೋಗುತ್ತಿದ್ದವು.

ಎದ್ದು ಹೊರಟ ಫಾಲಿಕಲ್ ಪೂರ್ತಿ ಬಲಿಯಲು ಆರು ತಿಂಗಳಿಗೂ ಮೀರಿದ ಕಾಲ ಬೇಕು. ಫ್ರಾನ್ಸಿನ ಅಲೆನ್ ಗೂಜೋನ್ ಹಾಕಿದ ಲೆಕ್ಕದಂತೆ ಕೊನೆಯ ಘಟ್ಟಕ್ಕೇ 85 ದಿನಗಳು ಹಿಡಿಯುತ್ತವೆ, ಎಂದರೆ ಸುಮಾರು ಮೂರು ಮುಟ್ಟುಗಳ ಕಾಲ. ಬಲಿಯುವ ಒಟ್ಟು ಅವಧಿಯಲ್ಲಿ ಅಂಡಾಣುವಿನ ಅಡ್ಡಳತೆ ಮೂರು ಪಟ್ಟಿಗೂ ಹೆಚ್ಚಾಗಿ, ಅದರ ಗಾತ್ರ ಸುಮಾರು ನಲವತ್ತು ಪಟ್ಟು ಬೆಳೆಯುತ್ತದೆ. ಸುತ್ತಲೂ ಝೋನಾ ಪೆಲ್ಯುಸಿಡಾ ಎಂಬ ಪಾರದರ್ಶಕ ಕವಚ ಮೂಡುತ್ತದೆ. ಕವಚ ಮೂಡಿದ ಮೇಲೆ ಅಂಡಾಣುವನ್ನು ಸುತ್ತುವರಿದು ಸಾಕುವ ದಾದಿಕೋಶಗಳು ದೂರವಾಗಬೇಕಲ್ಲವೇ ಎಂದರೆ, ಅವು ಕವಚವನ್ನು ತೂರಿಕೊಂಡು ನೂಲಿನಂಥ ಎಳೆಗಳನ್ನು ಚಾಚಿ ಅಂಡಾಣುವಿನ ಮೈಯನ್ನು ಮುಟ್ಟಿಕೊಂಡೇ ಇರುತ್ತವೆ. ಅಂಡಾಣು ಸಕ್ಕರೆಯನ್ನು ತಾನೇ ಚೆನ್ನಾಗಿ ಅರಗಿಸಿಕೊಳ್ಳಲಾರದು. ಈ ಕೋಶಗಳು ಅದನ್ನು ಪೈರುವೇಟ್ ಆಗಿ ಒಡೆದು, ಆ ಎಳೆಗಳ ಮೂಲಕ ತುತ್ತು ಕೊಡುತ್ತವೆ.

ಹಾಗೆಂದು ಅಂಡಾಣು ತಿನ್ನಿಸಿದ್ದನ್ನು ತಿನ್ನುವ ಕೂಸೂ ಅಲ್ಲ. ಜಿಡಿಎಫ್-9, ಬಿಎಂಪಿ-15 ಎಂಬ ಎರಡು ಪ್ರೋಟೀನುಗಳನ್ನು ಹೊರಬಿಟ್ಟು, ಸುತ್ತಲಿನ ಕೋಶಗಳು ಎಷ್ಟು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂಬುದನ್ನು ಅದೇ ಹೇಳುತ್ತಿರುತ್ತದೆ. ಜಿಡಿಎಫ್-9 ಇಲ್ಲದ ಇಲಿಗಳಲ್ಲಿ ಫಾಲಿಕಲ್‌ಗಳು ಒಂದು ಪದರದಲ್ಲೇ ನಿಂತುಹೋಗುತ್ತವೆಂದು 1996ರಲ್ಲಿ ಗೊತ್ತಾಯಿತು. ಈ ಸಂಭಾಷಣೆಯಲ್ಲಿ ಚಿಕ್ಕ ಬದಲಾವಣೆಯಾದರೂ ಎಷ್ಟು ಅಂಡಾಣುಗಳು ಬಲಿಯಬೇಕೆಂಬ ಲೆಕ್ಕವೇ ಬದಲಾಗುತ್ತದೆ ಎಂಬುದಕ್ಕೆ ಬಂಗಾಳದ ಸುಂದರಬನದ ಗರೋಲ್ ಕುರಿಗಳು ಸಾಕ್ಷಿ. ಬಿಎಂಪಿ ಸಂದೇಶವನ್ನು ಹಿಡಿಯುವ ಗ್ರಾಹಕದ ಜೀನಿನಲ್ಲಿ ಅವುಗಳಿಗೆ ಒಂದು ವ್ಯತ್ಯಾಸವಿದೆ. ಅದರಿಂದ ಒಂದೇ ಸೂಲಿಗೆ ಎರಡು ಮೂರು ಮರಿ ಹಾಕುವುದು ಅವುಗಳಿಗೆ ಸಾಮಾನ್ಯ. ನಮ್ಮ ಉತ್ತರ ಕರ್ನಾಟಕದಲ್ಲೂ ಮೇಯುವ ಡೆಕ್ಕನಿ ಕುರಿಯ ತಳಿಗೆ ಆ ಜೀನನ್ನು ಮಹಾರಾಷ್ಟ್ರದ ಫಲ್ಟಣ್‌ನ ಸಂಶೋಧನಾ ಸಂಸ್ಥೆಯೊಂದು ತಂದು ಸೇರಿಸಿದೆ.

ಬಲಿಯುವ ದಿನಗಳಲ್ಲಿ ಅಂಡಾಣು ಮಾಡುವ ಅತಿ ಮುಖ್ಯ ಕೆಲಸ ದಾಸ್ತಾನು. ಪ್ರೋಟೀನುಗಳು, ಮುಂದೆ ಪ್ರೋಟೀನು ಮಾಡಲು ಬೇಕಾದ ಆರ್‌ಎನ್‌ಎ ಸಂದೇಶಗಳು, ಲಕ್ಷಕ್ಕೂ ಮೀರಿದ ಮೈಟೋಕಾಂಡ್ರಿಯಾಗಳು, ಎಲ್ಲವೂ ಒಳಗೆ ತುಂಬಿಕೊಳ್ಳುತ್ತವೆ. ವೀರ್ಯಾಣು ಬಂದು ಸೇರಿದ ಮೇಲೂ ಭ್ರೂಣದ ಸ್ವಂತ ಜೀನುಗಳು ಕೆಲಸ ಆರಂಭಿಸುವುದು ಅದು ನಾಲ್ಕರಿಂದ ಎಂಟು ಕೋಶಗಳಾದಾಗ. ಅಲ್ಲಿಯವರೆಗಿನ ಎರಡು ಮೂರು ದಿನ ಅದು ಬದುಕುವುದು ಅಂಡಾಣು ಕೂಡಿಟ್ಟ ಬುತ್ತಿಯ ಮೇಲೆ. ಬೀಜ ಗಂಡಿನದು, ಹೊಲ ಹೆಣ್ಣಿನದು ಎಂಬ ಮಾತನ್ನು ನಾನು ಹುಡುಗಿಯಾಗಿದ್ದಾಗಿನಿಂದ ಎಷ್ಟೋ ಹಿರಿಯರ ಬಾಯಲ್ಲಿ, ಮಕ್ಕಳಾಗದ ಮನೆಗಳ ಜಗುಲಿಯ ಮೇಲೆ ಕೇಳಿದ್ದೇನೆ. ಅಂಡಾಣು ಬಲಿಯುವ ಬಗೆಯನ್ನು ಅರಿತವರು ಆ ಮಾತನ್ನು ಆಡಲಾರರು. ಬೀಜದ ಅರ್ಧವೂ ಅದರದೇ, ಮೊದಲ ಮೂರು ದಿನದ ಊಟವೂ ಅದರದೇ.

ಈಗ ನನ್ನ ಚೀಟಿಯ ಆ 17ಕ್ಕೆ ಬರುತ್ತೇನೆ. ಮುಟ್ಟಿನ ಮೊದಲ ದಿನಗಳಲ್ಲಿ ಹಲವು ತಿಂಗಳ ಹಾದಿ ಕ್ರಮಿಸಿ ಬಂದ ಕೆಲವು ಫಾಲಿಕಲ್‌ಗಳು ಎರಡರಿಂದ ಐದಾರು ಮಿಲಿಮೀಟರಿನ ನೀರಿನ ಚೀಲಗಳಾಗಿ ಸಿದ್ಧವಾಗಿರುತ್ತವೆ. ಆಗ ಪಿಟ್ಯುಟರಿ ಗ್ರಂಥಿಯಿಂದ ಎಫ್‌ಎಸ್‌ಎಚ್ ಹಾರ್ಮೋನು ಏರುತ್ತದೆ. ಚೀಲಗಳೆಲ್ಲ ಅದನ್ನು ಉಂಡು ಬೆಳೆಯುತ್ತ ಈಸ್ಟ್ರೋಜನ್ನನ್ನೂ ಇನ್ಹಿಬಿನ್ನನ್ನೂ ಹೊರಬಿಡುತ್ತವೆ. ಅವು ಹೆಚ್ಚಿದಂತೆ ಎಫ್‌ಎಸ್‌ಎಚ್ ಇಳಿಯುತ್ತದೆ. ಇಳಿಯುವ ನೀರಿನಲ್ಲೂ ಬದುಕಬಲ್ಲಷ್ಟು ಗ್ರಾಹಕಗಳನ್ನು ಬೆಳೆಸಿಕೊಂಡಿರುವ ಒಂದು ಮಾತ್ರ ಮುಂದುವರಿದು, ದಿನಕ್ಕೆ ಒಂದೂವರೆ ಎರಡು ಮಿಲಿಮೀಟರಿನಂತೆ ಹಿಗ್ಗುತ್ತ 20ರ ಆಸುಪಾಸಿಗೆ ಬರುತ್ತದೆ. ಉಳಿದವು ಕರಗುತ್ತವೆ. ಕೆಲವರಲ್ಲಿ ಯಾವುದೊಂದೂ ಮುಂದಾಗದೆ ಹಲವು ಚೀಲಗಳು ಚಿಕ್ಕದಾಗಿಯೇ ನಿಂತುಬಿಡುತ್ತವೆ. ಅದನ್ನೇ ಜನ ಪಿಸಿಓಡಿ ಎನ್ನುವುದು, ‘ಅಂಡಾಶಯದಲ್ಲಿ ನೀರುಗುಳ್ಳೆ ಆಗಿದೆ’ ಎಂದು ಹೆದರುವುದು. ಅವು ಗಡ್ಡೆಗಳಲ್ಲ, ರೋಗದ ಗುಳ್ಳೆಗಳಲ್ಲ. ಬಲಿಯುವ ದಾರಿಯಲ್ಲಿ ತಡೆದು ನಿಂತ ಫಾಲಿಕಲ್‌ಗಳು. ಹದಿನೆಂಟು ವರ್ಷದ ಹುಡುಗಿಯರು ವರದಿ ಹಿಡಿದು ನನ್ನ ಬಳಿ ಬಂದು ‘ಮೇಡಂ, ಆಪರೇಷನ್ ಮಾಡಿಸಬೇಕಾ?’ ಎಂದು ಕೇಳಿದ್ದುಂಟು. ಈ ಒಂದು ವಾಕ್ಯವನ್ನು ಆ ವರದಿಯ ಜೊತೆಗೇ ಯಾರಾದರೂ ಹೇಳಿದ್ದರೆ ಅವರು ಎಷ್ಟೋ ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಚೀಲ 20 ಮಿಲಿಮೀಟರ್ ಆದರೂ ಒಳಗಿನ ಅಂಡಾಣು ಇನ್ನೂ ಮಾಗಿಲ್ಲ. ಬಲಿತಿದೆ, ಅಷ್ಟೇ. ತಾಯಿಯ ಗರ್ಭದಲ್ಲಿ ನಿಂತ ವಿಭಜನೆ ಅಲ್ಲೇ ನಿಂತಿದೆ. ಇಲ್ಲಿ ನನಗೆ ಅತ್ಯಂತ ಆಶ್ಚರ್ಯವೆನಿಸುವ ಸಂಗತಿಯಿದೆ. 1935ರಲ್ಲಿ ಗ್ರೆಗರಿ ಪಿಂಕಸ್ ಮತ್ತು ಎನ್ಜ್‌ಮನ್ ಮೊಲದ ಬಲಿತ ಅಂಡಾಣುಗಳನ್ನು ಚೀಲದಿಂದ ಬಿಡಿಸಿ ಬರಿಯ ದ್ರವದಲ್ಲಿಟ್ಟರು. ಯಾವ ಹಾರ್ಮೋನನ್ನೂ ಹಾಕದೆ ಅವು ತಾವಾಗಿಯೇ ಮಾಗತೊಡಗಿದವು. ಎಂದರೆ ಅಂಡಾಣುವಿಗೆ ಮಾಗುವ ಶಕ್ತಿ ತನ್ನಲ್ಲೇ ಇತ್ತು. ಬೆಳೆಸುತ್ತಿದ್ದ ಚೀಲವೇ ಅದನ್ನು ತಡೆಹಿಡಿದಿತ್ತು. ಯಾವ ಎಳೆಗಳ ಮೂಲಕ ತುತ್ತು ಬರುತ್ತದೆಯೋ ಅವುಗಳ ಮೂಲಕವೇ ‘ಈಗಲ್ಲ’ ಎಂಬ ರಾಸಾಯನಿಕ ಸಂದೇಶವೂ ಎಡೆಬಿಡದೆ ಹರಿದುಬರುತ್ತಿರುತ್ತದೆ. ಈಸ್ಟ್ರೋಜನ್ ಎರಡು ದಿನ ಎತ್ತರದಲ್ಲಿ ನಿಂತಾಗ ಪಿಟ್ಯುಟರಿಯಿಂದ ಎಲ್‌ಎಚ್ ಹಾರ್ಮೋನು ಉಕ್ಕುತ್ತದೆಯಲ್ಲ, ಅದು ಅಂಡಾಣುವನ್ನು ಮಾತನಾಡಿಸುವುದೇ ಇಲ್ಲ. ಅಂಡಾಣುವಿನ ಮೈಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿಲ್ಲ. ಅದು ಹೊರಪದರದ ಕೋಶಗಳಿಗೆ ಹೇಳುತ್ತದೆ, ಅವು ಎಳೆಗಳ ಬಾಗಿಲು ಮುಚ್ಚುತ್ತವೆ, ತಡೆ ಸಂದೇಶ ಬತ್ತುತ್ತದೆ. ಮೂವತ್ತು ವರ್ಷದ ಕಾವಲು ಹೀಗೆ ತೆರವಾಗುತ್ತದೆ.

ಮುಂದಿನದೆಲ್ಲ ಬೇಗ. ಅಂಡಾಣುವಿನ ಕೋಶಕೇಂದ್ರದ ಪೊರೆ ಕರಗುತ್ತದೆ. ವರ್ಣತಂತುಗಳು ಸಾಲಾಗಿ ನಿಂತು, ಜೋಡಿಗಳು ಬೇರೆಯಾಗಿ, ಅರ್ಧದಷ್ಟು ವರ್ಣತಂತುಗಳು ಪೋಲಾರ್ ಬಾಡಿ ಎಂಬ ಪುಟ್ಟ ಗುಳ್ಳೆಯಲ್ಲಿ ಹೊರಬೀಳುತ್ತವೆ. ವಿಭಜನೆ ಎಂದೊಡನೆ ಸಮಪಾಲು ಎಂದುಕೊಳ್ಳುತ್ತೇವೆ, ಇಲ್ಲಿ ಹಾಗಲ್ಲ. ವರ್ಣತಂತುಗಳಲ್ಲಿ ಸಮಪಾಲು, ತಿಂಗಳುಗಟ್ಟಲೆ ಕೂಡಿಟ್ಟ ಬುತ್ತಿಯಲ್ಲಿ ಮಾತ್ರ ಹೆಚ್ಚುಕಡಿಮೆ ಪೂರ್ತಿ ಪಾಲನ್ನು ಅಂಡಾಣುವೇ ಉಳಿಸಿಕೊಳ್ಳುತ್ತದೆ. ಅಷ್ಟಾಗಿ ಎರಡನೆಯ ವಿಭಜನೆ ಆರಂಭವಾಗಿ, ಅದೂ ಅರ್ಧದಲ್ಲಿ ನಿಲ್ಲುತ್ತದೆ. ವೀರ್ಯಾಣು ಒಳಹೊಕ್ಕರೆ ಮಾತ್ರ ಅದು ಮುಗಿಯುವುದು. ಹೊಗದಿದ್ದರೆ ಒಂದು ದಿನದೊಳಗೆ ಅಂಡಾಣು ಅಳಿಯುತ್ತದೆ. ನಾವು ಮಾಗಿದ ಅಂಡಾಣು ಎಂದು ಕರೆಯುವುದು ನಿಜಕ್ಕೂ ದೋರೆಗಾಯಿ. ಪೂರ್ತಿ ಮಾಗಿದ ಅಂಡಾಣು ಎಂಬುದು ಇರುವುದು ಗರ್ಭ ಕಟ್ಟಿದ ಆ ಕೆಲವು ಗಂಟೆಗಳಲ್ಲಿ ಮಾತ್ರ.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕೆಂದು ಕಂಡುಕೊಂಡವರು ಬ್ರಿಟನ್ನಿನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್. ಮನುಷ್ಯರ ಅಂಡಾಣು 12 ಗಂಟೆಗಳಲ್ಲಿ ಮಾಗುತ್ತದೆಂದು 1939ರಲ್ಲಿ ಪ್ರಕಟವಾಗಿತ್ತು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿದ್ದ ವೈದ್ಯೆ ಮಾಲಿ ರೋಸ್, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಡಾಶಯದ ತುಣುಕುಗಳನ್ನು ಎಡ್ವರ್ಡ್ಸ್‌ಗೆ ಕೊಡುತ್ತಿದ್ದರು. ಎಡ್ವರ್ಡ್ಸ್ 12 ಗಂಟೆ ಕಾದು ನೋಡಿದರು; ಏನೂ ಆಗಿರಲಿಲ್ಲ. ಇನ್ನಷ್ಟು ಕಾದರು. ಒಂದು ದಿನ ಕಳೆದ ಮೇಲೆ ವರ್ಣತಂತುಗಳಲ್ಲಿ ಚಲನೆ ಕಂಡಿತು. 36 ಗಂಟೆ ದಾಟಿದ ಮೇಲೆ ಪೋಲಾರ್ ಬಾಡಿ ಹೊರಬಂದ ಅಂಡಾಣುಗಳು ಸಿಕ್ಕವು. 1965ರಲ್ಲಿ ಅವರು ಅದನ್ನು ಪ್ರಕಟಿಸಿದರು. ಇದು ಅಡೆ ಹಾಕಿದ ಹಣ್ಣೇ: ಮರದಿಂದ ಕಿತ್ತ ಬಲಿತ ಕಾಯಿ ಹುಲ್ಲಿನಲ್ಲಿ ಮಾಗಿದ ಹಾಗೆ. ಬಲಿಯದ ಎಳೆಯ ಅಂಡಾಣುಗಳನ್ನು ಹಾಗೆ ಇಟ್ಟರೆ ಅವು ಮಾಗುವುದಿಲ್ಲ. ಅಜ್ಜಿಯ ನಿಯಮ ಅಲ್ಲೂ ಅದೇ. ಆ 36 ಗಂಟೆಗಳ ತಿಳಿವಳಿಕೆಯಿಲ್ಲದೆ 1978ರ ಜುಲೈ 25ರಂದು ಜಗತ್ತಿನ ಮೊದಲ ಪ್ರಣಾಳ ಶಿಶು ಲೂಯಿಸ್ ಬ್ರೌನ್ ಹುಟ್ಟುತ್ತಿರಲಿಲ್ಲ. ಇಂದಿಗೂ ಐವಿಎಫ್ ಎಂಬ ಪ್ರಣಾಳ ಶಿಶು ಚಿಕಿತ್ಸೆಯಲ್ಲಿ ರಾತ್ರಿ ಇಂತಿಷ್ಟು ಗಂಟೆಗೆ, ಮಾಗುವಿಕೆಯನ್ನು ಆರಂಭಿಸುವ ‘ಟ್ರಿಗರ್ ಇಂಜೆಕ್ಷನ್’ ತಪ್ಪದೆ ತೆಗೆದುಕೊಳ್ಳಿ ಎಂದು ಹೇಳಿ, ಸುಮಾರು 35, 36 ಗಂಟೆಗಳ ನಂತರ ಅಂಡಾಣುಗಳನ್ನು ಹೊರತೆಗೆಯುವುದು ಅದೇ ಲೆಕ್ಕದ ಮೇಲೆ. ಗಂಡನೋ ಅಕ್ಕನೋ ಗಡಿಯಾರ ನೋಡುತ್ತ ಪಕ್ಕದಲ್ಲಿ ಕೂತ ಅಂಥ ರಾತ್ರಿಗಳು ಎಷ್ಟೋ ಮನೆಗಳಲ್ಲಿ ಕಳೆದಿವೆ.

ಲೂಯಿಸ್ ಹುಟ್ಟಿದ್ದು ಸಹಜವಾಗಿ ಬಲಿತ ಒಂದೇ ಅಂಡಾಣುವಿನಿಂದ. ಅದಾದ ಕೇವಲ 70 ದಿನಗಳಲ್ಲಿ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ದುರ್ಗಾ ಎಂದು ಹೆಸರಾದ ಮಗು ಹುಟ್ಟಿತು. ಡಾ. ಸುಭಾಷ್ ಮುಖೋಪಾಧ್ಯಾಯರು ಹಾರ್ಮೋನು ಚುಚ್ಚುಮದ್ದಿನಿಂದ ಒಂದೇ ತಿಂಗಳಲ್ಲಿ ಹಲವು ಅಂಡಾಣುಗಳನ್ನು ಬಲಿಸಿ, ಭ್ರೂಣವನ್ನು ಶೈತ್ಯದಲ್ಲಿರಿಸಿ, ನಂತರ ಗರ್ಭಕ್ಕೆ ಸೇರಿಸಿದ್ದರು. ಇಂದು ಜಗತ್ತಿನೆಲ್ಲೆಡೆ ನಡೆಯುವುದು ಹೆಚ್ಚುಕಡಿಮೆ ಅದೇ ವಿಧಾನ. ಅಂದು ಅವರನ್ನು ಯಾರೂ ನಂಬಲಿಲ್ಲ. ಸರ್ಕಾರಿ ಸಮಿತಿ ಅವರ ಮಾತನ್ನು ತಳ್ಳಿಹಾಕಿತು, ಅವರನ್ನು ಕಣ್ಣಿನ ಚಿಕಿತ್ಸಾ ಸಂಸ್ಥೆಗೆ ವರ್ಗ ಮಾಡಲಾಯಿತು. 1981ರ ಜೂನ್‌ನಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ, ಭಾರತದ ಮೊದಲ ಪ್ರಣಾಳ ಶಿಶುವೆಂದು ದಾಖಲಾಗಿದ್ದ ಮಗುವಿನ ಹಿಂದಿದ್ದ ವಿಜ್ಞಾನಿ ಟಿ. ಸಿ. ಆನಂದ ಕುಮಾರ್ ಅವರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಆ ಶ್ರೇಯ ತಮ್ಮದಲ್ಲ, ಅವರದು ಎಂದು 1997ರಲ್ಲಿ ಬರೆದರು. ಆ ಲೇಖನ ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ತನಗೆ ಸಂದ ಮೊದಲ ಸ್ಥಾನವನ್ನು ತೀರಿಹೋದ ಇನ್ನೊಬ್ಬನಿಗೆ ಒಪ್ಪಿಸಿದ ಈ ಘಟನೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗ ನನ್ನ ದನಿ ಇನ್ನೂ ತಡೆಯುತ್ತದೆ.

ಅಂಡಾಣು ಹೊರಬರುವ ಕ್ಷಣವನ್ನು ಪುಸ್ತಕಗಳು ಸ್ಫೋಟದಂತೆ ಬಣ್ಣಿಸುತ್ತಿದ್ದವು; ಆಸ್ಪತ್ರೆಗಳಲ್ಲೂ ‘ರಪ್ಚರ್ ಆಗಿದೆ’ ಎನ್ನುತ್ತಾರೆ. 2008ರಲ್ಲಿ ಬೆಲ್ಜಿಯಂನ ವೈದ್ಯ ಜಾಕ್ ಡಾನೆ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿದ್ದಾಗ ಅದು ಆಕಸ್ಮಿಕವಾಗಿ ಅವರ ಕ್ಯಾಮೆರಾದ ಮುಂದೆಯೇ ನಡೆಯಿತು. ಸ್ಫೋಟವೇನೂ ಆಗಲಿಲ್ಲ. ಅಂಡಾಶಯದ ಮೇಲ್ಮೈಯಲ್ಲಿ ಕೆಂಪು ಉಬ್ಬೊಂದು ಕಂಡು, ಅದರಲ್ಲಿ ಸಣ್ಣ ರಂಧ್ರ ಮೂಡಿ, ಜೊಲ್ಲಿನಂಥ ಹಳದಿ ದ್ರವದ ಮುದ್ದೆಯಲ್ಲಿ ಹುದುಗಿದ ಅಂಡಾಣು ಸುಮಾರು ಕಾಲು ಗಂಟೆಯ ಕಾಲ ನಿಧಾನವಾಗಿ ಒಸರಿತು.

ಅಂದು 17 ಎಂದಿದ್ದ ನನ್ನ ಫಾಲಿಕಲ್ ಎರಡು ದಿನದ ಮೇಲೆ 20 ಆಯಿತು, ರಪ್ಚರ್ ಕೂಡ ಆಯಿತು. ಆದರೆ ಆ ತಿಂಗಳೂ ಮುಟ್ಟಾದೆ. ಒಳಗಿದ್ದ ಅಂಡಾಣು ಮಾಗಿತ್ತೇ, ಅದರ ವರ್ಣತಂತುಗಳು ಸರಿಯಾಗಿ ಬೇರ್ಪಟ್ಟಿದ್ದವೇ ಎಂಬುದನ್ನು ಯಾವ ಚೀಟಿಯೂ ಹೇಳುವಂತಿರಲಿಲ್ಲ. ಈಗ ಎಲ್ಲರೂ ಮಾಡಿಸುವ ಎಎಂಎಚ್ ರಕ್ತಪರೀಕ್ಷೆಯೂ ಹೇಳುವುದು ಬಲಿಯುವ ದಾರಿಯಲ್ಲಿ ಎಷ್ಟು ಚಿಕ್ಕ ಫಾಲಿಕಲ್‌ಗಳಿವೆ ಎಂಬುದನ್ನೇ ಹೊರತು ಅಂಡಾಣುವಿನ ಗುಣವನ್ನಲ್ಲ. ಆ ತಿಂಗಳು ನಾನು ಮಾಡಿದ್ದೇನು, ತಿಂದದ್ದೇನು, ಎಲ್ಲಿಗೆ ಪ್ರಯಾಣ ಮಾಡಿದೆ ಎಂದು ಮನೆಯಲ್ಲಿ ಲೆಕ್ಕ ಹಾಕಿದರು, ನಾನೂ ಹಾಕಿದೆ. ಬಲಿಯಲು ಆರು ತಿಂಗಳಿಗೂ ಹೆಚ್ಚು ಹಿಡಿದ, ಕಾಯಲು 32 ವರ್ಷ ಹಿಡಿದ ಒಂದು ಕಣದ ಸೋಲಿಗೆ ಒಂದು ಬಸ್ಸಿನ ಪ್ರಯಾಣವನ್ನು ದೂರಿಕೊಂಡೆವು.

ಮರುವರ್ಷ ಜೂನ್‌ನಲ್ಲಿ ಅದೇ ಪಾಠ ಬಂದಾಗ ನಾನು ಬಾದಾಮಿಯ ಆಕಾರವನ್ನು ಬರೆಯಲಿಲ್ಲ. ನಮ್ಮ ತರಗತಿಯ ಕರಿಹಲಗೆ 12 ಅಡಿ ಉದ್ದ. ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದು, ಇದು ಒಂದು ಅಂಡಾಣುವಿನ 32 ವರ್ಷ ಎಂದೆ. ಎಡತುದಿಯಲ್ಲಿ ಅಜ್ಜಿ ಎಂದು ಬರೆದೆ. ವರ್ಷಕ್ಕೆ ನಾಲ್ಕೂವರೆ ಅಂಗುಲ. ಬಲತುದಿಯ ಹತ್ತಿರ, ಕೊನೆಯ ಒಂದಂಗುಲವನ್ನು ಬಣ್ಣದ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಇದು ಬಲಿಯುವ ಕೊನೆಯ 85 ದಿನ ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ಮಾಗುವ 36 ಗಂಟೆ ಎಲ್ಲಿ ಬರುತ್ತದೆ?’ ಎಂದು ಕೇಳಿದಳು. ನೀನೇ ಲೆಕ್ಕ ಹಾಕು ಎಂದೆ. ಅವಳು ಪುಸ್ತಕದ ಹಿಂಬದಿಯಲ್ಲಿ ಭಾಗಾಕಾರ ಮಾಡಿ, ಅರ್ಧ ಮಿಲಿಮೀಟರಿಗೂ ಸ್ವಲ್ಪ ಕಡಿಮೆ ಎಂದು ಹೇಳಿ, ಅದನ್ನು ಗುರುತಿಸಲು ಹಲಗೆಯ ಬಳಿಗೆ ಬಂದಳು. ಸೀಮೆಸುಣ್ಣದ ತುದಿಯನ್ನು ಎಷ್ಟು ಚೂಪು ಮಾಡಿದರೂ ಅವಳ ಗೆರೆ ಅದಕ್ಕಿಂತ ದಪ್ಪವಾಗಿಯೇ ಬಂತು.